ಅಬ್ಬೆ ದ್ಯುಬುವಾ

ಅಬ್ಬೆ ದ್ಯುಬುವಾ (ಪೂರ್ಣ ಹೆಸರು ಜ್ಯಾಂ ಆಂತ್ವಾನ್ ದ್ಯುಬುವಾ, ಮರಣ: ೧೭ ಫೆಬ್ರವರಿ ೧೮೪೮) ಫ್ರಾನ್ಸ್ ದೇಶದ ಕಥೋಲಿಕ ಧರ್ಮಗುರು ಹಾಗೂ ಗ್ರಂಥಕರ್ತರು. ೧೭೯೨ರಿಂದ ೧೮೨೩ರವರೆಗೆ ದಕ್ಷಿಣ ಭಾರತದಲ್ಲಿದ್ದ ಇವರು ತಮ್ಮ ಸೇವಾವಧಿಯ ಬಹುಭಾಗವನ್ನು ಮೈಸೂರು ಸಂಸ್ಥಾನದಲ್ಲಿ ಕಳೆದರು. ಈಗಿನ ಮಂಡ್ಯ ಜಿಲ್ಲೆಗೆ ಸೇರಿದ ಶ್ರೀರಂಗಪಟ್ಟಣ ಅವರ ಕಾರ್ಯಕೇಂದ್ರವಾಗಿತ್ತು. ಟಿಪ್ಪು ಸುಲ್ತಾನನ ಪತನದ ನಂತರ ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಒಂದುಗೂಡಿಸಿದವರು, ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆಯನ್ನು ಬಳಕೆಗೆ ತಂದವರಲ್ಲಿ ಪ್ರಮುಖರು ಎಂದು ಇವರನ್ನು ಸ್ಮರಿಸಲಾಗುತ್ತದೆ. ಜನರು ಇವರನ್ನು 'ದೊಡ್ಡಸ್ವಾಮಿಯವರು' ಎಂದು ಕರೆಯುತ್ತಿದ್ದರು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಇವರ ಗ್ರಂಥವು ಯೂರೋಪಿನಲ್ಲಿ ದೀರ್ಘಕಾಲ ಪ್ರಮಾಣಗ್ರಂಥವೆನಿಸಿತ್ತು. ಆ ಗ್ರಂಥದ ಮೂಲವನ್ನು ಕುರಿತು ಇಪ್ಪತ್ತನೆಯ ಶತಮಾನದಲ್ಲಿ ಗಂಭೀರವಾದ ಚರ್ಚೆ ನಡೆದಿದೆ.

ಹೆಸರಿನ ವಿಚಾರ

'ಅಬ್ಬೆ' ಎಂಬುದು ಅವರ ಹೆಸರಿನ ಭಾಗವಲ್ಲ. ಫ್ರೆಂಚ್ ಭಾಷೆಯಲ್ಲಿ ಧರ್ಮಗುರುಗಳನ್ನು ಗೌರವದಿಂದ ಸಂಬೋಧಿಸುವಾಗ ಈ ಪದವನ್ನು ಬಳಸುತ್ತಾರೆ. ತಾಯಿ ಎಂಬ ಅರ್ಥದ ಕನ್ನಡದ 'ಅಬ್ಬೆ'ಗೂ ಇದಕ್ಕೂ ಸಂಬಂಧವಿಲ್ಲ. ಕನ್ನಡ ಬರಹಗಳಲ್ಲಿ ಇವರ ಹೆಸರು ದುಬೆ, ದುಬಾಯ್, ದುಬೊಯಿಸ್, ದ್ಯುಬುವಾ ಎಂದು ಬೇರೆ ಬೇರೆ ರೀತಿಯಲ್ಲಿ ಕಾಣಸಿಗುತ್ತದೆ. ಫ್ರೆಂಚ್ ಉಚ್ಚಾರಣೆಗೆ ದ್ಯುಬುವಾ ಎಂಬ ರೂಪವು ಹತ್ತಿರವಾದುದು.

ಜನನ ಮತ್ತು ದೀಕ್ಷೆ

ದ್ಯುಬುವಾ ಅವರು ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತ್ಯದ ಸಾಂ ರೆಮೆಜ್ ಎಂಬ ಗ್ರಾಮದವರು. ಹಳೆಯ ಗ್ರಂಥಗಳು ಇವರ ಜನನವನ್ನು ೧೭೬೫ರ ಜನವರಿ ಎಂದು ಹೇಳುತ್ತವೆ. ಇವರಿಗೆ ದೀಕ್ಷಾಸ್ನಾನ ನೀಡಿದ್ದು ೧೭೬೬ರ ಜನವರಿ ೧೦ರಂದು. ೧೭೯೨ರಲ್ಲಿ ವಿವಿಯೇ ಧರ್ಮಪ್ರಾಂತದಲ್ಲಿ ಗುರುದೀಕ್ಷೆ ಪಡೆದರು. ಆಗ ಫ್ರಾನ್ಸಿನಲ್ಲಿ ಮಹಾಕ್ರಾಂತಿಯು ತೀವ್ರಗೊಂಡು ಧರ್ಮಗುರುಗಳ ಪ್ರಾಣಕ್ಕೇ ಅಪಾಯವೊದಗಿತ್ತು. ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯನ್ನು ಸೇರಿದ ಅವರು ಅದೇ ವರ್ಷ ಭಾರತಕ್ಕೆ ಹೊರಟರು. ಮೊದಲು ಪುದುಚೇರಿಯ ಮಿಷನ್ನಿಗೆ ಸೇರಿ ಕೆಲವು ವರ್ಷ ತಮಿಳು ಸೀಮೆಯಲ್ಲಿ ಸೇವೆ ಸಲ್ಲಿಸಿದರು. ಈ ನಾಡಿನ ಭಾಷೆ, ಉಡುಗೆ, ಊಟೋಪಚಾರಗಳ ಪರಿಚಯ ಅವರಿಗೆ ಆದದ್ದು ಈ ಅವಧಿಯಲ್ಲಿ.

ಮೈಸೂರು ಸೀಮೆಯ ಕ್ರೈಸ್ತರ ಹಿನ್ನೆಲೆ

ದ್ಯುಬುವಾ ಅವರು ಬರುವುದಕ್ಕೆ ಒಂದೂವರೆ ಶತಮಾನ ಮೊದಲೇ ಮೈಸೂರು ಸೀಮೆಯಲ್ಲಿ ಕಥೋಲಿಕ ಕ್ರೈಸ್ತರಿದ್ದರು. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ೧೬೪೮ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಧರ್ಮಪ್ರಚಾರವನ್ನು ಆರಂಭಿಸಿದ್ದರು. ಈ ಗುರುಗಳು ಸಂನ್ಯಾಸಿಗಳಂತೆ ಉಡುಪು ಧರಿಸಿ, ಮಾಂಸಾಹಾರವನ್ನು ತ್ಯಜಿಸಿ, ಕನ್ನಡ ಕಲಿತು ಜನರ ನಡುವೆ ಬಾಳಿದರು. ಹದಿನೆಂಟನೆಯ ಶತಮಾನದಲ್ಲಿ ಈ ಪದ್ಧತಿಯು ರೋಮಿನಲ್ಲಿ ದೀರ್ಘ ವಿವಾದಕ್ಕೆ ಕಾರಣವಾಯಿತು. ೧೭೪೪ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ಸ್ಥಳೀಯ ಆಚಾರಗಳ ಬಳಕೆಗೆ ಕಟ್ಟುನಿಟ್ಟಿನ ಮಿತಿಗಳನ್ನು ವಿಧಿಸಿದರು. ೧೭೭೩ರಲ್ಲಿ ಯೇಸುಸಭೆಯೇ ವಿಸರ್ಜಿತವಾದಾಗ ಅದರ ದಕ್ಷಿಣ ಭಾರತದ ಮಿಷನ್ನುಗಳ ಹೊಣೆಯು ಪ್ಯಾರಿಸ್ ಸಂಸ್ಥೆಯ ಪುದುಚೇರಿ ಗುರುಗಳಿಗೆ ಬಂದಿತು. ಹಲವು ಊರುಗಳಲ್ಲಿ ಹರಡಿದ್ದ ವಿಶ್ವಾಸಿಗಳಿಗೆ ಗುರುಗಳ ಸಂಖ್ಯೆ ಸಾಲದಾಯಿತು.

ಇದರ ಬೆನ್ನಿಗೇ ಯುದ್ಧಗಳು ಬಂದವು. ಎರಡನೆಯ ಮೈಸೂರು ಯುದ್ಧದಲ್ಲಿ ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನು ೧೭೮೪ರಲ್ಲಿ ಅವರನ್ನು ಸೆರೆಹಿಡಿಸಿ ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಹಾದಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಮಂದಿ ಮಡಿದರು. ಅನೇಕರನ್ನು ಇಸ್ಲಾಂ ಮತಕ್ಕೆ ಸೇರಿಸಲಾಯಿತು. ಸೆರೆಯಾದವರ ಸಂಖ್ಯೆಯ ವಿಷಯದಲ್ಲಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲವಾದರೂ ಅದು ಹತ್ತಾರು ಸಾವಿರದಷ್ಟಿತ್ತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ಶ್ರೀರಂಗಪಟ್ಟಣಕ್ಕೆ ಆಗಮನ

ನಾಲ್ಕನೆಯ ಮೈಸೂರು ಯುದ್ಧದಲ್ಲಿ ಜನರಲ್ ಹ್ಯಾರಿಸನ ಸೈನ್ಯವು ೧೭೯೯ರ ಮಾರ್ಚ್ ೨೭ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೈನ್ಯವನ್ನು ಎದುರಿಸಿ ಮುಂದುವರಿಯಿತು. ಮೇ ೪ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು; ಟಿಪ್ಪು ಯುದ್ಧದಲ್ಲಿ ಮಡಿದನು. ಪಟ್ಟಣದ ಆಡಳಿತವು ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕೈಗೆ ಬಂದಿತು. ಮುಂದೆ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ವೆಲಿಂಗ್ಟನ್ ಡ್ಯೂಕ್ ಎಂದು ಹೆಸರಾದವನು ಈತನೇ. ಮೈಸೂರಿನ ಕ್ರೈಸ್ತರನ್ನು ಮತ್ತೆ ಸಂಘಟಿಸುವ ಕಾರ್ಯಕ್ಕೆ ವೆಲ್ಲೆಸ್ಲಿಯ ಶಿಫಾರಸಿನ ಮೇರೆಗೆ ದ್ಯುಬುವಾ ಅವರು ಬಂದರು. ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬನು ಫ್ರೆಂಚ್ ಗುರುವಿಗೆ ಈ ಅವಕಾಶ ನೀಡಿದ್ದು ಗಮನಾರ್ಹ ಸಂಗತಿ.

ಸೆರೆಯಿಂದ ಬಿಡುಗಡೆಯಾದವರಲ್ಲಿ ಬಹುಮಂದಿ ಕೆನರಾಕ್ಕೆ ಹಿಂತಿರುಗಿದರು. ಉಳಿದವರಿಗೆ ಮನೆಯಾಗಲಿ ಭೂಮಿಯಾಗಲಿ ಇರಲಿಲ್ಲ. ಬಲವಂತಕ್ಕೆ ಮಣಿದು ಮತ ಬದಲಿಸಿದ್ದವರಿಗೆ ತಮ್ಮ ಸಭೆಯು ಮರಳಿ ಸೇರಿಸಿಕೊಳ್ಳುವುದೋ ಇಲ್ಲವೋ ಎಂಬ ಭಯವೂ ಇತ್ತು. ದ್ಯುಬುವಾ ಅವರು ಅಂಥವರನ್ನು ಸಭೆಗೆ ಸೇರಿಸಿಕೊಂಡರು. ಧರ್ಮಕೇಂದ್ರವೆಂದರೆ ಗುಡಿ, ಗುರು, ಪೂಜೆ ಮಾತ್ರವಲ್ಲದೆ ಜನನ, ವಿವಾಹ, ಮರಣಗಳು ನಮೂದಾಗುವ ಸ್ಥಳವೂ ಹೌದು. ಹದಿನೈದು ವರ್ಷ ಸೆರೆಯಲ್ಲಿದ್ದ ಸಮುದಾಯಕ್ಕೆ ಈ ವ್ಯವಸ್ಥೆಯ ಪುನಃಸ್ಥಾಪನೆಯೆಂದರೆ ಮದುವೆ ಸಂಬಂಧಗಳಿಗೂ ಮಕ್ಕಳ ಹಕ್ಕುಗಳಿಗೂ ಮಾನ್ಯತೆ ದೊರೆತಂತಾಯಿತು.

ಶ್ರೀರಂಗಪಟ್ಟಣ ದ್ವೀಪದ ಪೂರ್ವಭಾಗದಲ್ಲಿರುವ ಗಂಜಾಂ, ಟಿಪ್ಪು ಸುಲ್ತಾನನು ಸಿರಾದಿಂದ ಜನರನ್ನು ಕರೆತಂದು ನೆಲೆಗೊಳಿಸಿದ ಪೇಟೆ. ಅಲ್ಲಿರುವ ದೇವಾಲಯವನ್ನು ದ್ಯುಬುವಾ ಅವರು ೧೮೦೦ರ ಸುಮಾರಿಗೆ ಕಟ್ಟಿಸಿದರು. ಅದು ಇಂದಿಗೂ 'ಅಬ್ಬೆ ದುಬೆ ಚರ್ಚು' ಎಂದೇ ಪ್ರಸಿದ್ಧ. ಇಲ್ಲಿಂದ ಅವರು ಊರೂರು ಸುತ್ತಿ ಚದುರಿದ ಕುಟುಂಬಗಳನ್ನು ಕಾಣುತ್ತಿದ್ದರು. ಬೆಂಗಳೂರಿನ ಶಿವಾಜಿನಗರದಲ್ಲಿರುವ ಈಗಿನ ಸಂತ ಮರಿಯಮ್ಮನವರ ಬೆಸಿಲಿಕಾದ ಆರಂಭದ ಪುಟ್ಟ ಪ್ರಾರ್ಥನಾಲಯದೊಂದಿಗೂ ಅವರ ಹೆಸರು ಸೇರಿಕೊಂಡಿದೆ.

ಜೀವನಕ್ರಮ

ದ್ಯುಬುವಾ ಅವರು ಮೈಸೂರಿನಲ್ಲಿದ್ದಷ್ಟು ಕಾಲ ಈ ದೇಶದ ಉಡುಪನ್ನೇ ಧರಿಸಿದರು. ನಿಲುವಂಗಿ, ತಲೆಗೆ ರುಮಾಲು, ಕೈಯಲ್ಲಿ ಕೋಲು ಅವರ ವೇಷವಾಗಿತ್ತು. ಯೂರೋಪಿಯನ್ನರ ಸಹವಾಸದಿಂದ ಆದಷ್ಟು ದೂರವಿದ್ದು, ಇಲ್ಲಿನವರ ಊಟ, ಉಪಚಾರ, ಮಾತುಕತೆಯ ರೀತಿಗಳನ್ನು ರೂಢಿಸಿಕೊಂಡರು. ಜನರ ವಿಶ್ವಾಸವನ್ನು ಗಳಿಸುವುದಕ್ಕೆ ಇದು ಅಗತ್ಯವೆಂದು ಅವರೇ ಬರೆದಿದ್ದಾರೆ. ಹಾಗೆ ಮಾಡುವಾಗ ತಮ್ಮ ಮನಸ್ಸಿಗೊಪ್ಪದ ಸಂಗತಿಗಳನ್ನು ಕಂಡೂ ಸುಮ್ಮನಿರಬೇಕಾಯಿತೆಂಬುದನ್ನೂ ಮರೆಮಾಚಿಲ್ಲ. ಮೈಸೂರಿನ ರೆಸಿಡೆಂಟನಾಗಿದ್ದ, ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್, ದ್ಯುಬುವಾ ಅವರ ಶುದ್ಧ ನಡತೆಯನ್ನು ಮೆಚ್ಚಿಕೊಂಡಿದ್ದನು. ಎಲ್ಲ ಜಾತಿಯವರೂ ಅವರನ್ನು ಗೌರವದಿಂದ ಕಾಣುತ್ತಿದ್ದರೆಂದು ಆತನು ಸರ್ಕಾರಕ್ಕೆ ತಿಳಿಸಿದ್ದನು.

ಕೃಷಿ ನೆಲೆಗಳು

ನೆಲೆಯಿಲ್ಲದ ಕುಟುಂಬಗಳು ಭಿಕ್ಷೆಯನ್ನೋ ಕೂಲಿಯನ್ನೋ ಅವಲಂಬಿಸಿ ಬದುಕುವುದನ್ನು ತಪ್ಪಿಸಲು ದ್ಯುಬುವಾ ಅವರು ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು. ಅವುಗಳಲ್ಲಿ ಹಾಸನದ ಸಮೀಪದ ಸಾತಹಳ್ಳಿ ಮುಖ್ಯವಾದುದು. ಭೂಮಿಯನ್ನು ಸಾಗುಮಾಡಿ ಒಂದೆಡೆ ನೆಲೆನಿಂತ ಈ ಕುಟುಂಬಗಳಿಂದ ಆ ಭಾಗದಲ್ಲಿ ಶಾಶ್ವತವಾದ ಕ್ರೈಸ್ತ ಗ್ರಾಮಸಮುದಾಯ ಬೆಳೆಯಿತು. ಅವರು ಫ್ರಾನ್ಸಿಗೆ ಹಿಂತಿರುಗಿ ಹಲವು ದಶಕಗಳು ಕಳೆದ ಮೇಲೂ ಆ ಪ್ರದೇಶದಲ್ಲಿ 'ದೊಡ್ಡಸ್ವಾಮಿಯವರ' ಹೆಸರು ಬಳಕೆಯಲ್ಲಿತ್ತು.

ಸಿಡುಬಿನ ಲಸಿಕೆ

ಆ ಕಾಲದಲ್ಲಿ ಸಿಡುಬು ಊರಿಗೆ ಊರನ್ನೇ ಬರಿದು ಮಾಡುವ ರೋಗವಾಗಿತ್ತು. ಬದುಕುಳಿದವರಲ್ಲಿ ಹಲವರು ಕುರುಡರಾಗುತ್ತಿದ್ದರು. ಜನರು ಇದನ್ನು 'ಅಮ್ಮ' ಎಂದು ಕರೆದು, ಮಾರಮ್ಮನಿಗೆ ಹರಕೆ ಹೊತ್ತು, ಬೇವಿನ ಸೊಪ್ಪು ಕಟ್ಟಿ ಕಾಯುತ್ತಿದ್ದರು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ೧೭೯೬ರಲ್ಲಿ ಹಸುವಿನ ಸಿಡುಬಿನ ರಸವನ್ನು ಬಳಸಿ ಈ ರೋಗವನ್ನು ತಡೆಯಬಹುದೆಂದು ತೋರಿಸಿದನು. ಆ ಲಸಿಕೆ ಭಾರತದಲ್ಲಿ ಮೊದಲು ಫಲಿಸಿದ್ದು ೧೮೦೨ರ ಜೂನ್ ತಿಂಗಳಿನಲ್ಲಿ, ಮುಂಬಯಿಯಲ್ಲಿ.

ಅಂದು ಲಸಿಕೆಯನ್ನು ಕಾಪಿಡುವುದೇ ಕಷ್ಟದ ಕೆಲಸವಾಗಿತ್ತು. ಈ ದೇಶದ ಬಿಸಿಲಿನಲ್ಲಿ ರಸವು ಬೇಗ ಸತ್ವ ಕಳೆದುಕೊಳ್ಳುತ್ತಿತ್ತು. ಆದ್ದರಿಂದ ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕಾಗುತ್ತಿತ್ತು. ಸುಮಾರು ಒಂದು ವಾರದ ನಂತರ ಆ ಎರಡನೆಯವರಿಂದ ಮೂರನೆಯವರಿಗೆ ಹಾಕಬೇಕು. ಈ ಸರಪಳಿ ಒಮ್ಮೆ ಕಡಿದರೆ ಆ ಪ್ರದೇಶದಲ್ಲಿ ಲಸಿಕೆಯೇ ಇಲ್ಲವಾಗುತ್ತಿತ್ತು. ಆರೋಗ್ಯವಾಗಿರುವ ಮಗುವಿನ ತೋಳನ್ನು ಗೀರಿ, ಬೇರೊಂದು ಮಗುವಿನ ಮೈಯಿಂದ ತೆಗೆದ ರಸವನ್ನು ಹಾಕಿಸಲು ತಂದೆತಾಯಿಗಳು ಒಪ್ಪಬೇಕಾದರೆ ಹೇಳುವವರ ಮೇಲೆ ಪೂರ್ಣ ನಂಬಿಕೆ ಇರಬೇಕಿತ್ತು. ಜಾತಿಭೇದ ಬಲವಾಗಿದ್ದ ಸಮಾಜದಲ್ಲಿ ಈ ತೊಡಕು ಇನ್ನೂ ಹೆಚ್ಚಿನದು.

ದ್ಯುಬುವಾ ಅವರು ಈ ಕಾರ್ಯಕ್ಕೆ ತಮ್ಮ ಪ್ರಭಾವವನ್ನು ಬಳಸಿದರು. ಉಳಿದಿರುವ ಅಧಿಕೃತ ದಾಖಲೆಯೊಂದರ ಪ್ರಕಾರ ೧೮೦೩-೦೪ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ೨೫,೪೩೨ ಮಂದಿಗೆ ಲಸಿಕೆ ಹಾಕಿ ಅವರ ವಿವರಗಳನ್ನು ದಾಖಲಿಸಲಾಯಿತು. ಲಸಿಕೆಯು ಭಾರತಕ್ಕೆ ಬಂದು ಎರಡು ವರ್ಷ ತುಂಬುವಷ್ಟರಲ್ಲಿ ನಡೆದ ಕಾರ್ಯವಿದು. ಅವರೇ ಹೇಳಿಕೊಂಡಂತೆ ಮೈಸೂರಿನಲ್ಲಿ ಅವರಿಂದ ಕ್ರೈಸ್ತರಾದವರು ಕೆಲವೇ ನೂರು ಮಂದಿಯಾದುದರಿಂದ, ಲಸಿಕೆಯ ಪ್ರಯೋಜನ ಪಡೆದವರಲ್ಲಿ ಬಹುಪಾಲು ಅನ್ಯಮತೀಯರೇ ಆಗಿದ್ದರೆಂದು ತಿಳಿಯಬಹುದು.

ಹಿಂದೂ ಆಚಾರ ವ್ಯವಹಾರಗಳನ್ನು ಕುರಿತ ಗ್ರಂಥ

ದ್ಯುಬುವಾ ಅವರ ಹೆಸರನ್ನು ಜಗತ್ತಿಗೆ ಪರಿಚಯಿಸಿದ್ದು ಫ್ರೆಂಚ್ ಭಾಷೆಯಲ್ಲಿ ಬರೆದ ಒಂದು ಹಸ್ತಪ್ರತಿ. ಇದರಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಸಮಾಜ ಮತ್ತು ಜಾತಿಪದ್ಧತಿಯನ್ನು, ಎರಡನೆಯದು ಬ್ರಾಹ್ಮಣರ ನಾಲ್ಕು ಆಶ್ರಮಗಳನ್ನು, ಮೂರನೆಯದು ಧಾರ್ಮಿಕ ಆಚರಣೆಗಳನ್ನು ವಿವರಿಸುತ್ತದೆ. ಮಾರ್ಕ್ ವಿಲ್ಕ್ಸ್ ಈ ಹಸ್ತಪ್ರತಿಯನ್ನು ಮದರಾಸು ಸರ್ಕಾರಕ್ಕೆ ಕಳುಹಿಸಿದನು. ಗವರ್ನರ್ ವಿಲಿಯಂ ಬೆಂಟಿಂಕನ ಮೆಚ್ಚುಗೆ ಪಡೆದ ಇದನ್ನು ಈಸ್ಟ್ ಇಂಡಿಯಾ ಕಂಪನಿಯು ೧೮೦೭ರಲ್ಲಿ ಎರಡು ಸಾವಿರ ಸ್ಟಾರ್ ಪಗೋಡಾಗಳಿಗೆ ಕೊಂಡುಕೊಂಡಿತು. ತಾವು ಆಳುತ್ತಿದ್ದ ಜನರ ನಡೆನುಡಿಗಳನ್ನು ಅರಿಯದ ಅಧಿಕಾರಿಗಳಿಗೆ ಇದು ಕೈಪಿಡಿಯಾಗುವುದೆಂಬುದು ಕಂಪನಿಯ ಎಣಿಕೆಯಾಗಿತ್ತು.

ಇದರ ಇಂಗ್ಲಿಷ್ ಅನುವಾದವು ೧೮೧೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಈ ನಡುವೆ ಹಸ್ತಪ್ರತಿಯನ್ನು ಮರಳಿ ಪಡೆದು ದ್ಯುಬುವಾ ಅವರು ತಿದ್ದಿ ವಿಸ್ತರಿಸಿದ್ದರು. ಆ ತಿದ್ದುಪಡಿಗಳು ಲಂಡನ್ ಮುದ್ರಣದಲ್ಲಿ ಸೇರಲಿಲ್ಲ. ಪರಿಷ್ಕೃತ ಫ್ರೆಂಚ್ ಆವೃತ್ತಿಯು ೧೮೨೫ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಂದಿತು. ಮದರಾಸಿನಲ್ಲಿ ಉಳಿದಿದ್ದ ಪರಿಷ್ಕೃತ ಹಸ್ತಪ್ರತಿಯನ್ನು ಆಧರಿಸಿ ಹೆನ್ರಿ ಬೋಚಂಪ್ ಮಾಡಿದ ಇಂಗ್ಲಿಷ್ ಅನುವಾದವು ೧೮೯೭ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾಯಿತು. ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಈ ಅನುವಾದಕ್ಕೆ ಮುನ್ನುಡಿಯ ಮಾತುಗಳನ್ನು ಬರೆದರು. ಇಂದು ಹೆಚ್ಚಾಗಿ ಓದಲ್ಪಡುವುದು ಈ ಆವೃತ್ತಿಯೇ.

ಕರ್ತೃತ್ವದ ಚರ್ಚೆ

ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ತಮ್ಮ ಸಂಶೋಧನೆಯಿಂದ ಈ ಗ್ರಂಥದ ಇನ್ನೊಂದು ಮುಖವನ್ನು ಬೆಳಕಿಗೆ ತಂದರು. ಪುದುಚೇರಿಯಲ್ಲಿದ್ದ ಯೇಸುಸಭೆಯ ಗುರು ಗಾಸ್ತೋಂ ಲೋರಾಂ ಕೇರ್ದು (೧೬೯೧–೧೭೭೯) ಹಿಂದೂಗಳ ಆಚಾರಗಳನ್ನು ಕುರಿತು ಒಂದು ಗ್ರಂಥವನ್ನು ಬರೆದಿದ್ದರು. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್ ಭಾಷೆಗಳಿಗೂ ಇರುವ ಸಾಮ್ಯವನ್ನು ಆರಂಭದಲ್ಲಿಯೇ ಗುರುತಿಸಿದ ವಿದ್ವಾಂಸರಲ್ಲಿ ಇವರೂ ಒಬ್ಬರು. ದೆವೋ ಎಂಬ ಸೈನ್ಯಾಧಿಕಾರಿಯು ಆ ಗ್ರಂಥವನ್ನು ಆಧರಿಸಿ ಸಿದ್ಧಪಡಿಸಿದ ೧೭೭೭ರ ಹಸ್ತಪ್ರತಿಯೊಂದು ಉಳಿದುಬಂದಿದೆ. ಇದನ್ನು ದ್ಯುಬುವಾ ಅವರ ಗ್ರಂಥದೊಡನೆ ಹೋಲಿಸಿ ನೋಡಿದ ಮ್ಯೂರ್, ದ್ಯುಬುವಾ ಅವರು ಕಂಪನಿಗೆ ಒಪ್ಪಿಸಿದ ಕೃತಿಯ ಬಹುಭಾಗವು ಕೇರ್ದು ಅವರ ಬರಹದಿಂದ ಬಂದುದೆಂದು ತೋರಿಸಿದರು. ಅವರ ಅಧ್ಯಯನವು ೧೯೮೭ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು.

ಈ ನಿರ್ಣಯವನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಮೈಸೂರಿನ ಜನರ ನಡುವೆ ಬದುಕಿ ಕಣ್ಣಾರೆ ಕಂಡು ಬರೆದ ಪುಸ್ತಕವೆಂಬ ಅದರ ಖ್ಯಾತಿ ಇದರಿಂದ ಕುಂದಿತು. ದ್ಯುಬುವಾ ಅವರು ತಮ್ಮ ಅನುಭವದಿಂದ ಸೇರಿಸಿದ ಮಾತುಗಳೂ ಅದರಲ್ಲಿವೆಯಾದರೂ, ಅದನ್ನು ೧೮೦೦ರ ಮೈಸೂರಿನ ನೇರ ಚಿತ್ರವೆಂದು ಓದುವವರು ಎಚ್ಚರದಿಂದಿರಬೇಕಾಗುತ್ತದೆ. ಗ್ರಂಥದ ಅಭಿಪ್ರಾಯಗಳೂ ಟೀಕೆಗೆ ಗುರಿಯಾಗಿವೆ. ಜಾತಿಪದ್ಧತಿಯು ಸಮಾಜವನ್ನು ಅನಾಗರಿಕತೆಯಿಂದ ಕಾಪಾಡಿದ ಕಟ್ಟಳೆಯೆಂದು ಅದು ಹೊಗಳುತ್ತದೆ; ಬ್ರಾಹ್ಮಣರನ್ನೂ ದೇವಾಲಯಗಳ ಆಚರಣೆಗಳನ್ನೂ ಕಟುವಾಗಿ ನಿಂದಿಸುತ್ತದೆ.

ಕ್ರೈಸ್ತಮತ ಪ್ರಸಾರದ ಬಗ್ಗೆ ನಿರಾಶೆ

೧೮೨೩ರಲ್ಲಿ ದ್ಯುಬುವಾ ಅವರ ಪತ್ರಗಳ ಸಂಗ್ರಹವು ಲಂಡನ್ನಿನಲ್ಲಿ ಪ್ರಕಟವಾಯಿತು. ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯೇ ಅದರ ವಿಷಯ. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಸಾಧ್ಯವೇ ಇಲ್ಲವೆಂಬ ತೀರ್ಮಾನಕ್ಕೆ ತಾವು ಬಂದಿರುವುದಾಗಿ ಅವರು ಅದರಲ್ಲಿ ತಿಳಿಸಿದರು. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ತಮ್ಮಿಂದ ಮತಕ್ಕೆ ಸೇರಿದವರು ಇನ್ನೂರು ಮುನ್ನೂರು ಮಂದಿ ಮಾತ್ರ. ಅವರಲ್ಲಿಯೂ ಬಹಳ ಮಂದಿ ಬಡತನದಿಂದ ಬಂದವರು, ಕೆಲವರು ಮತ್ತೆ ಬಿಟ್ಟುಹೋದವರು ಎಂದು ಲೆಕ್ಕ ಒಪ್ಪಿಸಿದರು. ಸ್ಥಳೀಯ ಆಚಾರಗಳಿಗೆ ಹೊಂದಿಕೊಳ್ಳುವ ಹಳೆಯ ಪದ್ಧತಿಯನ್ನು ರೋಮ್ ನಿಷೇಧಿಸಿದ್ದು, ಯೂರೋಪಿಯನ್ನರ ನಡತೆಯನ್ನು ಜನರು ಹತ್ತಿರದಿಂದ ಕಂಡದ್ದು ಇದಕ್ಕೆ ಕಾರಣಗಳೆಂದು ಅವರು ಭಾವಿಸಿದ್ದರು. ಬೈಬಲನ್ನು ತರಾತುರಿಯಲ್ಲಿ ದೇಶಭಾಷೆಗಳಿಗೆ ಅನುವಾದಿಸಿ ಹಂಚುವುದರಿಂದ ಪ್ರಯೋಜನವಿಲ್ಲವೆಂದೂ ವಾದಿಸಿದರು. ಪ್ರೊಟೆಸ್ಟೆಂಟ್ ಮಿಷನರಿಗಳು ಇದರಿಂದ ಕೆರಳಿದರು. ೧೮೨೪ರಲ್ಲಿ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಅವರು ಪ್ರತ್ಯೇಕ ಗ್ರಂಥಗಳನ್ನು ಬರೆದು ಈ ವಾದಗಳನ್ನು ಖಂಡಿಸಿದರು.

ಇದೇ ಸಂಗ್ರಹದಲ್ಲಿ ಅವರು ಹಿಂದೂಗಳ ಪರವಾಗಿಯೂ ಬರೆದಿದ್ದಾರೆ. ಸೆರಾಂಪುರದ ಮಿಷನರಿ ವಿಲಿಯಂ ವಾರ್ಡ್ ಹಿಂದೂ ಸ್ತ್ರೀಪುರುಷರ ಮೇಲೆ ಹೊರಿಸಿದ್ದ ಆಪಾದನೆಗಳನ್ನು ಒಪ್ಪದೆ, ಕುಟುಂಬದಲ್ಲಿ ಗೃಹಿಣಿಗೆ ಇರುವ ಅಧಿಕಾರ ಮತ್ತು ಗೌರವವನ್ನು ವಿವರಿಸಿದರು. ಮಹಾತ್ಮ ಗಾಂಧೀಜಿಯವರು ತಮ್ಮ 'ಹಿಂದ್ ಸ್ವರಾಜ್' ಕೃತಿಯ ಅನುಬಂಧದಲ್ಲಿ ಭಾರತೀಯ ನಾಗರಿಕತೆಯನ್ನು ಮೆಚ್ಚಿದ ವಿದೇಶೀಯರ ಮಾತುಗಳನ್ನು ಸಂಗ್ರಹಿಸಿದ್ದಾರೆ. ದ್ಯುಬುವಾ ಅವರು ೧೮೨೦ರ ಡಿಸೆಂಬರ್ ೧೫ರಂದು ಶ್ರೀರಂಗಪಟ್ಟಣದಿಂದ ಬರೆದ ಪತ್ರದ ಭಾಗವೂ ಅವುಗಳಲ್ಲಿ ಒಂದು.

ಫ್ರಾನ್ಸಿಗೆ ಮರಳಿಕೆ ಮತ್ತು ಕೊನೆಯ ದಿನಗಳು

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಭಾರತದಲ್ಲಿದ್ದು, ೧೮೨೩ರ ಜನವರಿ ೧೫ರಂದು ದ್ಯುಬುವಾ ಅವರು ಸ್ವದೇಶಕ್ಕೆ ಹೊರಟರು. ಈಸ್ಟ್ ಇಂಡಿಯಾ ಕಂಪನಿಯು ಅವರಿಗೆ ವಿಶೇಷ ವಿಶ್ರಾಂತಿವೇತನವನ್ನು ನೀಡಿತು. ಅವರು ಮತ್ತೆ ಭಾರತಕ್ಕೆ ಬರಲಿಲ್ಲ. ೧೮೨೬ರಲ್ಲಿ ಪಂಚತಂತ್ರದ ಫ್ರೆಂಚ್ ಅನುವಾದವನ್ನು ಪ್ರಕಟಿಸಿದರು. ತಮಿಳು, ತೆಲುಗು ಮತ್ತು ಕನ್ನಡ ಭಾಷೆಗಳ ಪ್ರತಿಗಳಿಂದ ಆಯ್ದ ಕಥೆಗಳು ಅದರಲ್ಲಿದ್ದವು. ಕನ್ನಡದ ಕಥಾಸಂಪತ್ತು ಫ್ರೆಂಚ್ ಓದುಗರನ್ನು ತಲುಪಿದ ಆರಂಭದ ನಿದರ್ಶನಗಳಲ್ಲಿ ಇದು ಒಂದು. ಪರಮಾರ್ಥ ಗುರುವಿನ ಕಥೆಯನ್ನೂ ಅದೇ ಸಂಪುಟದಲ್ಲಿ ಸೇರಿಸಿದರು.

ಪ್ಯಾರಿಸ್ಸಿನಲ್ಲಿ ತಮ್ಮ ಮಿಷನ್ ಸಂಸ್ಥೆಯ ನಿರ್ದೇಶಕರಲ್ಲಿ ಒಬ್ಬರಾದ ಅವರು ೧೮೩೬ರಿಂದ ೧೮೩೯ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಮಿಷನ್ನಿನ ಕಾರ್ಯವು ನಿಷ್ಫಲವೆಂದು ಬರೆದವರು ಅನಂತರವೂ ತರುಣ ಗುರುಗಳನ್ನು ಪೂರ್ವದೇಶಗಳಿಗೆ ಕಳುಹಿಸುವ ಸಂಸ್ಥೆಯಲ್ಲಿಯೇ ದುಡಿದರು. ೧೮೪೮ರ ಫೆಬ್ರವರಿ ೧೭ರಂದು ಅವರು ನಿಧನರಾದರು. ಒಂದು ವಾರದೊಳಗೆ ಪ್ಯಾರಿಸ್ಸಿನಲ್ಲಿ ಮತ್ತೊಂದು ಕ್ರಾಂತಿ ನಡೆದು ಫ್ರಾನ್ಸಿನ ರಾಜಪ್ರಭುತ್ವ ಕೊನೆಗೊಂಡಿತು.

ಪರಂಪರೆ

ದ್ಯುಬುವಾ ಅವರು ಮತ್ತೆ ಒಂದುಗೂಡಿಸಿದ ಸಮುದಾಯವು ಅವರ ನಂತರವೂ ಉಳಿದು ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಮೈಸೂರು ಮಿಷನ್ ಪುದುಚೇರಿಯಿಂದ ಬೇರೆಯಾಗಿ ಸ್ವತಂತ್ರವಾಯಿತು. ೧೯೪೦ರಲ್ಲಿ ಬೆಂಗಳೂರು ಮತ್ತು ಮೈಸೂರು ಪ್ರತ್ಯೇಕ ಧರ್ಮಪ್ರಾಂತಗಳಾದವು. ೧೯೩೯ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಮಂಡ್ಯ ಜಿಲ್ಲೆಯು ಮೈಸೂರು ಧರ್ಮಪ್ರಾಂತಕ್ಕೇ ಸೇರಿದ್ದು, ಮಂಡ್ಯ, ಮದ್ದೂರು, ಮಳವಳ್ಳಿ ಮತ್ತು ಶ್ರೀರಂಗಪಟ್ಟಣ ತಾಲ್ಲೂಕುಗಳ ಕಥೋಲಿಕರು ಅದರ ವ್ಯಾಪ್ತಿಯಲ್ಲಿದ್ದಾರೆ.

ಅವರ ಗ್ರಂಥದ ಮೌಲ್ಯವನ್ನು ಕುರಿತ ಚರ್ಚೆಯು ವಿದ್ವಾಂಸರಲ್ಲಿ ಮುಂದುವರಿದಿದೆ. ತಮ್ಮ ಧರ್ಮಕಾರ್ಯವು ಸೋತಿತೆಂಬ ಅವರ ತೀರ್ಮಾನವು ಹೊಸದಾಗಿ ಮತಕ್ಕೆ ಸೇರಿದವರ ಸಂಖ್ಯೆಯನ್ನು ಆಧರಿಸಿತ್ತು. ಸೆರೆಯಿಂದ ಹೊರಬಂದು ಮರಳಿ ಸಭೆಯನ್ನು ಸೇರಿದವರು, ಸಾತಹಳ್ಳಿಯಲ್ಲಿ ನೆಲ ಕಂಡುಕೊಂಡ ಕುಟುಂಬಗಳು, ಲಸಿಕೆಯಿಂದ ಸಿಡುಬಿನ ಭಯ ನೀಗಿದ ಸಾವಿರಾರು ಮಂದಿ ಆ ಲೆಕ್ಕದಲ್ಲಿ ಸೇರಿರಲಿಲ್ಲ. ಮೈಸೂರು ಸೀಮೆಯ ಜನರು ಅವರನ್ನು ನೆನೆಯುವುದು ಈ ಕಾರ್ಯಗಳಿಗಾಗಿಯೇ.